ಮೂಗಮ್ಮ ಒಲೆ ತಿರುಗಿಸಿದ್ದು

ಮೂಗಮ್ಮನಷ್ಟು ಮಾತಾಡುವ ಹೆಂಗಸನ್ನು ನನ್ನ ಇಡೀ ಸರ್ವೀಸಿನಲ್ಲಿ ನಾನು ಕಾಣಲಿಲ್ಲ. ಹೆಸರು ಅವಳ ತವರಿನ ಕಡೆಯ ದೇವರದು. ಗುಂಡ್ಲುಪೇಟೆಯ ಹತ್ತಿರದ ಆ ಊರಿನಲ್ಲಿ ಬೀದಿಗೆ ಇಬ್ಬರಂತೆ ಮೂಗಮ್ಮಂದಿರು ಇದ್ದರಂತೆ, ಹೆಸರು ಕೆಡಿಸಿದವಳು ಇವಳೊಬ್ಬಳೇ ಅಂತೆ. ಹಾಗೆಂದು ಅವಳೇ ಹೇಳಿ ನಗುತ್ತಿದ್ದಳು. ೧೯೯೧ರಲ್ಲಿ ನಾನು ಅಂಗನವಾಡಿ ಟೀಚರಾಗಿ ಆ ಹಳ್ಳಿಗೆ ಬಂದಾಗ ಅವಳು ಅಲ್ಲಿ ಸಹಾಯಕಿ. ಮಕ್ಕಳನ್ನು ಮನೆಮನೆಯಿಂದ ಕರೆತರುವುದು, ಕಸ ಗುಡಿಸುವುದು, ನೀರು ಹೊರುವುದು, ಉಪ್ಪಿಟ್ಟು ಬೇಯಿಸಿ ಬಡಿಸುವುದು ಅವಳ ಕೆಲಸ. ಪಾಠ, ತೂಕ, ಪುಸ್ತಕ ನನ್ನ ಕೆಲಸ.

ನಾನು ನೀಲಾವತಿ, ಚಾಮರಾಜನಗರ ಪೇಟೆಯವಳು. ಬೆಳಗ್ಗೆ ಬಸ್ ಹಿಡಿದು ಉಮ್ಮತ್ತೂರಿನಲ್ಲಿ ಇಳಿದು, ಅರಿಶಿನದ ಹೊಲಗಳ ನಡುವೆ ಮುಕ್ಕಾಲು ಗಂಟೆ ನಡೆದರೆ ಆ ಹಳ್ಳಿ. ಅಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ಸಿಟ್ಟು ಮೂಗಿನ ತುದಿಗೆ ಬಂದಿರುತ್ತಿತ್ತು. ಬಾಗಿಲಲ್ಲೇ ಮೂಗಮ್ಮನ ದನಿ ಕಿವಿಗೆ ಬಿದ್ದರೆ ಇನ್ನೊಂದಿಷ್ಟು ಏರುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿ, ಮೂರು ತಿಂಗಳ ಟ್ರೈನಿಂಗ್ ಮುಗಿಸಿ, ಮಕ್ಕಳ ಬೆಳವಣಿಗೆಯ ಚಾರ್ಟನ್ನು ನನ್ನ ಕೈಯಾರೆ ಬಣ್ಣದ ಇಂಕಿನಲ್ಲಿ ಬರೆದು ಗೋಡೆಗೆ ಅಂಟಿಸಿದವಳು ನಾನು. ವರ್ಷಕ್ಕೆ ಒಂದೆರಡು ಪದ, ಎರಡಕ್ಕೆ ಪದಕ್ಕೆ ಪದ ಜೋಡಿಸಿ ಮಾತು, ಮೂರಕ್ಕೆ ಪುಟ್ಟ ವಾಕ್ಯ ಅಂತ ಅದರಲ್ಲಿತ್ತು. ಸೂಪರ್‌ವೈಸರ್ ಅದನ್ನು ಮೆಚ್ಚಿ ಹೋಗಿದ್ದರು. ಓದು ಬರಹ ಬಾರದ ಮೂಗಮ್ಮ ಮಾತ್ರ ಆ ಚಾರ್ಟಿನ ಮುಂದೆ ಹಾದು ಹೋಗುವಾಗ ಅದರ ಮೇಲಿನ ಧೂಳು ಒರೆಸುತ್ತಿದ್ದಳೇ ಹೊರತು ಕಣ್ಣೆತ್ತಿ ನೋಡಿದವಳಲ್ಲ.

ನಮ್ಮದು ಒಂದೇ ಕೋಣೆ. ಬಡಗಲ ಗೋಡೆಗೆ ಆನಿಸಿ ಮಣ್ಣಿನ ಒಲೆ, ಅದರ ಈಚೆಗೆ ಮೊಣಕಾಲೆತ್ತರದ ಒಂದು ಗೋಡೆ, ಆಮೇಲೆ ಚಾಪೆ ಹಾಸಿದ ಜಾಗ. ನಮ್ಮ ಕಡೆ ಮೂಡಲಿಗೋ ಬಡಗಲಿಗೋ ಮುಖ ಮಾಡಿ ಅಡುಗೆ ಮಾಡಬೇಕು, ತೆಂಕಲಿಗೆ ಮುಖ ಮಾಡಬಾರದು. ಹಾಗಾಗಿ ಮೂಗಮ್ಮ ದಿನದ ಅರ್ಧ ಹೊತ್ತು ಮಕ್ಕಳಿಗೆ ಬೆನ್ನು ಹಾಕಿಕೊಂಡೇ ಇರುತ್ತಿದ್ದಳು. ಬೆನ್ನು ಹಾಕಿದ ಮಾತ್ರಕ್ಕೆ ಬಾಯಿ ನಿಲ್ಲುತ್ತಿತ್ತೇ? ಇಲ್ಲ.

"ನೀರ್ ಕುದೀತಾ ಅದ ಕಣ್ರಪ್ಪಾ. ಯಾಕ ಕುದೀತದ? ಬೆಂಕಿ ಆಕಿವ್ನಿ. ಈಗ ಏನ್ ಆಕನ? ನುಚ್ಚು ಆಕನ. ಸಿದ್ದಯ್ಯ, ಏನ್ಲಾ ಆಕನ?"

"ನುಚ್ಚೂ!" ಅಂತ ಅವಳ ಬೆನ್ನಿಗೆ ಉತ್ತರ ಬರುತ್ತಿತ್ತು.

ಬಡಿಸುವಾಗ ಇನ್ನೊಂದು ವೈಖರಿ. ಸೌಟನ್ನು ತಟ್ಟೆಯ ಮೇಲೆ ಹಿಡಿದುಕೊಂಡು ಸುಮ್ಮನೆ ನಿಲ್ಲುವಳು. "ಏನ್ ಬೇಕು ಕಣಮ್ಮಿ?" ಮಗು "ಉಪ್ಪಿ" ಅಂದರೆ ಸಾಕು, "ಉಪ್ಪಿಟ್ಟು ಬೇಕಾ? ಬಿಸಿ ಉಪ್ಪಿಟ್ಟು ಬೇಕಾ? ತಗೊ, ಬಿಸಿ ಅದ, ಊದ್ಕಂಡು ತಿನ್ನು" ಅಂತ ಒಂದಕ್ಕೆ ನಾಲ್ಕು ಸೇರಿಸಿ ಹಾಕುವಳು. ಕೆಲವು ಕೂಸುಗಳ ಬಾಯಿಂದ ಆ ಅರ್ಧ ಮಾತು ಬರುವುದಕ್ಕೂ ಬಹಳ ಹೊತ್ತು ಬೇಕು. ಮೂಗಮ್ಮ ಕಾಯುವಳು. ಮೂವತ್ತು ಮಕ್ಕಳಿಗೆ ಹೀಗೆ ಕಾದು ಬಡಿಸಿದರೆ ನನ್ನ ಪದ್ಯ ಹೇಳಿಕೊಡುವ ಪಾಠಕ್ಕೆ ಹೊತ್ತೆಲ್ಲಿ? "ಬೇಗ ಬೇಗ ಬಡಿಸೇ, ಏನು ಮದುವೆ ಊಟವೇ?" ಎಂದು ನಾನು ರೇಗುತ್ತಿದ್ದೆ. ಮಾತು ಕಲಿಸುವುದು ನಾನು, ಹೊಟ್ಟೆ ತುಂಬಿಸುವುದು ಅವಳು ಎಂದು ನನ್ನ ಲೆಕ್ಕಾಚಾರ.

ಮೇಘನಾ ನಮ್ಮಲ್ಲಿಗೆ ಬಂದಾಗ ಅವಳಿಗೆ ಎರಡೂವರೆ ವರ್ಷ. ಅಪ್ಪ ನಾಗೇಂದ್ರ ಅವರಿವರ ಹೊಲದಲ್ಲಿ ಕೂಲಿ ಮಾಡುವವನು, ತಾಯಿ ಶಿವಲಕ್ಷ್ಮಿಯೂ ಕಳೆ ಕೀಳಲು ಹೋಗುವವಳು. ಮನೆಯಲ್ಲಿ ಅಜ್ಜಿ ದೊಡ್ಡಮಾದಮ್ಮ. ಹೊಸ ಫ್ಯಾಷನ್ನಿನ ಹೆಸರು, ಹಣೆಯ ಮೇಲೆ ಗುಂಗುರು ಕೂದಲು, ಯಾರು ಬಂದರೂ ಮುಖ ನೋಡಿ ನಗುವ ಚೆಲುವಾದ ಕೂಸು. ಮಾತು ಮಾತ್ರ ಇಲ್ಲ. ಬೆರಳು ತೋರಿಸುವಳು, ಸೆರಗು ಎಳೆಯುವಳು, "ಆ" "ಊ" ಅನ್ನುವಳು, ಅಷ್ಟೇ. ಮಾತು ಬೇಗ ಬರಲಿ ಎಂದು ಕೂಸು ಹುಟ್ಟಿದ ಹನ್ನೊಂದನೇ ದಿನದಿಂದ ಅಜ್ಜಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಳು. "ಇವಳಪ್ಪಾನೂ ನಾಕ್ ವರ್ಸ ಬಾಯ್ ಬುಟ್ಟಿರ್ನಿಲ್ಲ ಕಣವ್ವಾ, ಈಗ ನೋಡಿ ಬಾಯ್ ಮುಚ್ಸಕಾಗಲ್ಲ" ಎಂದು ಅವಳು ಹೇಳಿದ್ದನ್ನು ನಾನು ನಂಬಿದೆ.

ಹಾಗೆಂದು ಪರೀಕ್ಷೆ ಮಾಡದೆ ಬಿಟ್ಟವಳಲ್ಲ ನಾನು. ನಮ್ಮ ಕಡೆ ಎಲ್ಲರೂ ಮಾಡುವ ಪರೀಕ್ಷೆಯನ್ನೇ ಮಾಡಿದೆ. ಮೇಘನಾ ಗೊಂಬೆ ಹಿಡಿದು ಕೂತಿದ್ದಾಗ ಹಿಂದಿನಿಂದ ಹೋಗಿ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಲವಾಗಿ ಬಡಿದೆ. ಕೂಸು ಬೆಚ್ಚಿ ತಿರುಗಿತು. ಮತ್ತೆ ಬಡಿದೆ, ಮತ್ತೆ ತಿರುಗಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶಿವಲಕ್ಷ್ಮಿಯ ಮುಖ ಅರಳಿತು. ನಾನು ಅಲ್ಲೇ ಕೂತು ಬೆಳವಣಿಗೆಯ ಪುಸ್ತಕದಲ್ಲಿ ಹಸಿರು ಇಂಕಿನಿಂದ ಬರೆದೆ: ಕಿವಿ ಸರಿಯಿದೆ. ಮಾತು ತಡ. ತಂದೆಗೂ ಹೀಗೇ. ಕಾಯಬಹುದು.

ಒಂದು ವರ್ಷ ಕಾದೆವು. ಮೂರೂವರೆಯಾಯಿತು. ಜೊತೆಗೆ ಬಂದ ಕೂಸುಗಳೆಲ್ಲ 'ರ' ಬಾರದೆ 'ಲ' ಅನ್ನುತ್ತಲೇ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಮೇಘನಾ ನಗುತ್ತಿದ್ದಳು. ನನ್ನ ಪಾಠದಲ್ಲಿ ಅವಳು ಎಲ್ಲರಿಗಿಂತ ಚುರುಕು. ಚೆಂಡು ತಾ ಅಂದರೆ ತರುವಳು, ಕೂತುಕೊ ಅಂದರೆ ಕೂರುವಳು. ಇನ್ನೇನು, ಇವತ್ತೋ ನಾಳೆಯೋ ಬಾಯಿ ಬಿಡುತ್ತಾಳೆ ಎಂದು ನಾನು ಶಿವಲಕ್ಷ್ಮಿಗೆ ಹೇಳುತ್ತಲೇ ಇದ್ದೆ.

೧೯೯೩ರ ಡಿಸೆಂಬರ್‌ನಲ್ಲಿ ಒಂದು ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಮೂಗಮ್ಮ ಪಾತ್ರೆ ತೊಳೆಯುವುದು ಬಿಟ್ಟು ನನ್ನ ಮುಂದೆ ಬಂದು ನಿಂತಳು.

"ಟೀಚರವ್ವಾ, ಆ ನಾಗೇಂದ್ರನ ಕೂಸಿಗೆ ಕಿವಿ ಸರಿಯಿಲ್ಲ."

ನಾನು ಪುಸ್ತಕದಿಂದ ತಲೆಯೆತ್ತಲಿಲ್ಲ. "ನಾನೇ ನೋಡಿದೀನಿ. ಸರಿಯಿದೆ."

"ನಾನು ಒಲೆ ಕಡೆ ಮೊಕ ಮಾಡಿ ಕರೆದ್ರೆ ಎಲ್ಲಾ ಕೂಸ್ಗೊಳೂ ಓ ಅಂತವೆ. ಅದೊಂದು ಅನ್ನಲ್ಲ. ತಿರುಗಿ ಮೊಕ ತೋರ್ಸಿದ್ರೆ ಮಾತ್ರ ನಗ್ತದ. ಅದು ನನ್ ಮಾತು ಕೇಳ್ತಿಲ್ಲ ಕಣವ್ವಾ, ನನ್ ಬಾಯಿ ನೋಡ್ತಾ ಅದ."

"ತಟ್ಟೆ ಬಡಿದಾಗ ತಿರುಗಲಿಲ್ಲವಾ? ನೀನೇ ಇದ್ದೆಯಲ್ಲ."

"ನಮ್ಮ ಪುಟ್ಟಮಾದುನೂ ತಿರುಗ್ತಿದ್ದ" ಅಂದಳು ಮೂಗಮ್ಮ.

ಪುಟ್ಟಮಾದು ಅವಳ ತಮ್ಮ. ಗುಂಡ್ಲುಪೇಟೆ ಕಡೆ ದನ ಮೇಯಿಸಿಕೊಂಡಿರುವ, ಮಾತು ಬಾರದ, ನಲವತ್ತರ ಹತ್ತಿರದ ಮನುಷ್ಯ. ಅವನು ಚಿಕ್ಕವನಿದ್ದಾಗ ಅವರಪ್ಪನೂ ಹೀಗೇ ತಟ್ಟೆ ಬಡಿದು ನೋಡಿದನಂತೆ. ತಿರುಗಿದನಂತೆ. ಕಿವಿ ಕೇಳುತ್ತದೆ, ಆದರೂ ಮಾತಾಡುವುದಿಲ್ಲ, ಕರೆದರೆ ಬರುವುದಿಲ್ಲ ಅಂದರೆ ಇದು ಹಟ ಎಂದು ತೀರ್ಮಾನಿಸಿ, ಹಟ ಬಿಡಿಸಲು ಹುಣಸೆ ಬರಲಿನಲ್ಲಿ ಹೊಡೆಯುತ್ತಿದ್ದನಂತೆ. ಮೂಗಮ್ಮ ಇದನ್ನೆಲ್ಲ ಹೇಳುತ್ತ ಹೋದಳು. ನಾನು ಕೇಳಿಸಿಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಸಹಾಯಕಿಯೊಬ್ಬಳು ಬಂದು ನನ್ನ ಪುಸ್ತಕದಲ್ಲಿ ತಪ್ಪಿದೆ ಎನ್ನುವುದು ನನಗೆ ನುಂಗಲಾರದ ತುತ್ತಾಗಿತ್ತು. "ನಿನ್ನ ತಮ್ಮನಿಗೂ ಇದಕ್ಕೂ ಏನು ಸಂಬಂಧ?" ಎಂದು ಹೇಳಿ ಎದ್ದೆ.

ಮೂಗಮ್ಮ ಸುಮ್ಮನಿರಲಿಲ್ಲ. ಸಂಜೆ ನೇರವಾಗಿ ಶಿವಲಕ್ಷ್ಮಿಯ ಮನೆಗೆ ಹೋಗಿ ಅದನ್ನೇ ಹೇಳಿದಳು. ಮರುದಿನ ಬೆಳಗ್ಗೆ ದೊಡ್ಡಮಾದಮ್ಮ ಅಂಗನವಾಡಿಯ ಬಾಗಿಲಿಗೆ ಬಂದು ಊರಿಗೆಲ್ಲ ಕೇಳುವಂತೆ ಕೂಗಿದಳು.

"ನಮ್ ಕೂಸ್ನ ಕಿವುಡಿ ಅಂತ ಊರೆಲ್ಲಾ ಸಾರ್ಬುಟ್ರೆ ನಾಳೆ ಇದ್ನ ಯಾರು ಮದ್ವೆ ಆಯ್ತಾರೆ? ಟೀಚರಮ್ಮನೇ ಸರಿಯಾಗಿ ಅದ ಅಂತ ಬರ್ದವ್ರೆ, ಉಪ್ಪಿಟ್ಟು ಕೆದಕೋಳು ಇವಳ್ಯಾರು?"

ಆಗ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಮಕ್ಕಳ ಮುಂದೆ, ಆ ಮುದುಕಿಯ ಮುಂದೆ ಮೂಗಮ್ಮನಿಗೆ ಹೇಳಿದೆ: "ನಿನ್ನ ಕೆಲಸ ಸೌಟು ಹಿಡಿಯೋದು. ಇನ್ನು ಮೇಲೆ ಬಾಯಿ ಮುಚ್ಚಿಕೊಂಡು ಮಾಡು." ದೊಡ್ಡಮಾದಮ್ಮ ಸಮಾಧಾನವಾಗಿ ಹೊರಟಳು. ಮೂಗಮ್ಮ ಒಲೆಯ ಕಡೆ ತಿರುಗಿದಳು.

ಬಾಯಿ ಮುಚ್ಚು ಅಂದರೆ ನಿಜವಾಗಿಯೂ ಮುಚ್ಚಿಬಿಡುತ್ತಾಳೆ ಎಂದು ನಾನು ಅಂದುಕೊಂಡಿರಲಿಲ್ಲ. ಮೂರು ದಿನ ಅವಳು ಒಂದಕ್ಷರ ಆಡಲಿಲ್ಲ. ಬೇಯಿಸಿದಳು, ಬಡಿಸಿದಳು, ತೊಳೆದಳು. ಮಕ್ಕಳು ತಟ್ಟೆ ಹಿಡಿದು ಕೂತು ಅವಳು ಏನಾದರೂ ಕೇಳಲಿ ಎಂದು ಕಾಯುವುದು, ಅವಳು ಕೇಳದೆ ಹಾಕಿ ಮುಂದೆ ಹೋಗುವುದು. ಮಕ್ಕಳು ಒಂದು ಥರ ಮಂಕಾದವು. ನಾನು ಪದ್ಯ ಹೇಳಿಕೊಟ್ಟರೆ ಒಟ್ಟಿಗೆ ಒದರುತ್ತಿದ್ದವು, ಮುಗಿದ ಮೇಲೆ ಸುಮ್ಮನಾಗುತ್ತಿದ್ದವು. ಆ ಕೋಣೆಯಲ್ಲಿ ಮಾತು ಎಂಬುದು ಯಾವ ಮೂಲೆಯಿಂದ ಹುಟ್ಟುತ್ತಿತ್ತು ಎಂದು ನನಗೆ ಆಗ ತಿಳಿಯಬೇಕಿತ್ತು. ನಾನು ಮಾತ್ರ ಸದ್ಯ ತಣ್ಣಗಾಯಿತಲ್ಲ ಅಂದುಕೊಂಡೆ.

ನಾಲ್ಕನೇ ದಿನ ಮೂಗಮ್ಮ ಬರಲಿಲ್ಲ. ತಮ್ಮನಿಗೆ ಜ್ವರ ಎಂದು ಗುಂಡ್ಲುಪೇಟೆಗೆ ಹೋಗಿದ್ದಾಳೆಂದು ಪಕ್ಕದ ಮನೆಯವರು ಹೇಳಿದರು. ಅವತ್ತು ಉಪ್ಪಿಟ್ಟು ನನ್ನ ಪಾಲಿಗೆ ಬಂತು. ಒದ್ದೆ ಸೌದೆ, ಕಣ್ಣು ತುಂಬ ಹೊಗೆ, ಬೆನ್ನ ಹಿಂದೆ ಮೂವತ್ತು ಮಕ್ಕಳು. ಯಾರು ಯಾರನ್ನು ಕಚ್ಚುತ್ತಿದ್ದಾರೋ ತಿಳಿಯದು. ತಿರುಗಿ ನೋಡಿದರೆ ತಳ ಹಿಡಿಯುತ್ತದೆ. ಮೂಗಮ್ಮ ಮಾಡುತ್ತಿದ್ದುದನ್ನೇ ಮಾಡುವುದು ಬಿಟ್ಟು ಬೇರೆ ದಾರಿ ಕಾಣಲಿಲ್ಲ. ಒಲೆಯ ಕಡೆ ಮುಖ ಮಾಡಿಕೊಂಡೇ ಒಬ್ಬೊಬ್ಬರ ಹೆಸರು ಕೂಗತೊಡಗಿದೆ. ಸಿದ್ದಯ್ಯ? ಓ. ಮಹಾಲಿಂಗ? ಓ. ಮಾದಮ್ಮ? ಓ ಮಿಸ್.

"ಮೇಘನಾ?"

ಉತ್ತರವಿಲ್ಲ. ಇರಲಿ, ಮಾತು ಬಾರದ ಕೂಸು. "ಮೇಘನಾ, ಬಾ ಇಲ್ಲಿ, ಬೆಲ್ಲ ಕೊಡ್ತೀನಿ."

ಬೆಲ್ಲ ಎಂದ ಕೂಡಲೇ ಹತ್ತು ಮಕ್ಕಳು ಎದ್ದು ಬಂದು ನನ್ನ ಸೀರೆ ಹಿಡಿದವು. ನಾನು ಇನ್ನೂ ಜೋರಾಗಿ ಕೂಗಿದೆ. ಯಾರೋ ಒಂದು ಮಗು, "ಮಿಸ್, ಮೇಘ್ನ ಇಲ್ಲೇ ಕುಂತವ್ಳೆ, ನಿಮ್ಮನ್ನೇ ನೋಡ್ತಾವ್ಳೆ" ಅಂದಿತು.

ತಿರುಗಿದೆ. ನನ್ನಿಂದ ನಾಲ್ಕು ಮಾರು ದೂರದಲ್ಲಿ ಅವಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಕಣ್ಣು ನನ್ನ ಬೆನ್ನಿನ ಮೇಲೆಯೇ ಇತ್ತು. ನನ್ನ ಮುಖ ಕಂಡಿತು, ಕೂಸು ಬಾಯಿ ತುಂಬ ನಕ್ಕಿತು.  ಮತ್ತೆ ಒಲೆಯ ಕಡೆ ತಿರುಗಿ ಕರೆದೆ. ಏನಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳೆದುರೇ ಕೂತು "ಚೆಂಡು ತಾ" ಎಂದೆ. ದಿನಾ ತರುತ್ತಿದ್ದವಳು ನನ್ನ ಸೆರಗನ್ನೇ ನೋಡುತ್ತ ಕೂತಳು. ಸೆರಗು ಸರಿಸಿ ಅದೇ ಮಾತು ಹೇಳಿದೆ. ಓಡಿಹೋಗಿ ತಂದುಕೊಟ್ಟಳು.

ಉಪ್ಪಿಟ್ಟು ಹೊತ್ತಿ ಹೋಯಿತು. ಆ ಮಕ್ಕಳು ಅದನ್ನೇ ತುತ್ತುತುತ್ತಾಗಿ ತಿಂದವು, ಪಾಪ.

ಅವತ್ತು ನಾನು ಬಸ್ಸಿಗೆ ಹೋಗಲಿಲ್ಲ. ಶಿವಲಕ್ಷ್ಮಿ ಹೊಲದಿಂದ ಬರುವವರೆಗೆ ಅವರ ಜಗಲಿಯ ಮೇಲೆ ಕೂತಿದ್ದೆ. ಅವಳು ಕೈಕಾಲು ತೊಳೆಯುವ ಮುಂಚೆಯೇ ಹೇಳಿಬಿಟ್ಟೆ. "ನಾನು ಬರೆದದ್ದು ತಪ್ಪು. ಮೂಗಮ್ಮ ಹೇಳಿದ್ದೇ ಸರಿ. ಕೂಸಿಗೆ ಮಾತು ಕೇಳಿಸೋದಿಲ್ಲ. ಕೇಳಿಸದೆ ಕಲಿಯೋದು ಹೇಗೆ? ಒಂದು ವರ್ಷ ನನ್ನಿಂದ ಹಾಳಾಯ್ತು."

ದೊಡ್ಡಮಾದಮ್ಮ ಕೂಸನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. ಶಿವಲಕ್ಷ್ಮಿ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೀವು ಬುಕ್ಕಲ್ಲಿ ಬರ್ದಿದ್ರಿ ಅಂತ ನಾನು ಮೂಗಮ್ಮನ್ನ ಬೈದು ಕಳಿಸ್ಬುಟ್ಟೆ ಕಣವ್ವಾ" ಎಂದಳು.

ಎರಡು ದಿನ ಬಿಟ್ಟು ಮೂಗಮ್ಮ ಬಂದಳು. ಕ್ಷಮಿಸು ಎನ್ನುವ ಮಾತು ನನ್ನ ಬಾಯಿಂದ ಅಷ್ಟು ಸುಲಭಕ್ಕೆ ಹೊರಡುವುದಿಲ್ಲ. ಸುತ್ತಿ ಬಳಸಿ, "ಗುರುವಾರ ಮೇಘನಾನ ಮೈಸೂರಿನ ಕಿವಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀವಿ. ನೀನೂ ಬಾ" ಅಂದೆ.

"ನಾನ್ಯಾಕವ್ವಾ? ಸೌಟು ಇಡ್ಕಳೋಳು" ಅಂದಳು ಮೂಗಮ್ಮ. ಆಮೇಲೆ ನನ್ನ ಮುಖ ನೋಡಿ ನಕ್ಕಳು. "ಬತ್ತೀನಿ ಬುಡಿ, ಓಗನ."

ಚಾಮರಾಜನಗರದಿಂದ ಬೆಳಗಿನ ರೈಲಿಗೆ ಹೊರಟೆವು. ನಾನು, ಮೂಗಮ್ಮ, ಶಿವಲಕ್ಷ್ಮಿ, ಕೂಸು. ದಾರಿಯುದ್ದಕ್ಕೂ ಮೂಗಮ್ಮ ಮೇಘನಾಳ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಎತ್ತು, ಮರ, ಹೊಳೆ, ಸೇತುವೆ ಎಂದು ಹೇಳುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ಹೊರಗಿನ ಸದ್ದೇ ಬಾರದ, ಗಾಜಿನ ಕಿಟಕಿಯ ಒಂದು ಕೋಣೆಯಲ್ಲಿ ಕೂಸನ್ನು ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗಲೆಲ್ಲ ಒಂದು ಮಣಿ ಡಬ್ಬಿಗೆ ಹಾಕಬೇಕು. ಮೇಘನಾ ಆಟವೆಂದೇ ಆಡಿದಳು. ನಾವು ಕಿಟಕಿಯಿಂದ ನೋಡುತ್ತಿದ್ದೆವು. ಅವಳು ಮಣಿ ಹಿಡಿದುಕೊಂಡು ಕಾಯುತ್ತಿದ್ದಳು, ಬಹಳ ಹೊತ್ತು ಕಾಯುತ್ತಿದ್ದಳು. ಡಬ್ಬಿಗೆ ಬಿದ್ದ ಮಣಿಗಳು ತೀರ ಕಡಿಮೆ.

ಪರೀಕ್ಷೆ ಮಾಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ತಟ್ಟೆ ಬಡಿದ ವಿಷಯ ಮುಚ್ಚಿಡದೆ ಹೇಳಿದೆ. "ತಟ್ಟೆಯ ಸದ್ದು ಮಾತಿಗಿಂತ ಎಷ್ಟೋ ಜೋರು ಅಮ್ಮ. ಅದು ಕೇಳಿಸಿದರೆ ಮಾತೂ ಕೇಳಿಸುತ್ತದೆ ಅಂತ ಅಲ್ಲ. ಬಹಳ ಜನ ಹೀಗೇ ಮೋಸ ಹೋಗ್ತಾರೆ" ಅಂದರು. ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಡುತ್ತೇವೆ, ಆದರೆ ಯಂತ್ರ ಸದ್ದನ್ನು ದೊಡ್ಡದು ಮಾಡುತ್ತದೆ ಅಷ್ಟೇ, ಮಾತು ಕಲಿಸುವುದಿಲ್ಲ ಎಂದರು. ಹುಟ್ಟಿದ ದಿನದಿಂದ ಬೇರೆ ಮಕ್ಕಳು ಕೇಳಿದ್ದನ್ನೆಲ್ಲ ಇವಳು ಈಗ ಮೊದಲಿನಿಂದ ಕೇಳಬೇಕು. ಹತ್ತಿರ ಕೂತು, ಮುಖ ತೋರಿಸಿ, ಮಾಡುವ ಕೆಲಸವನ್ನೆಲ್ಲ ಬಾಯಲ್ಲಿ ಹೇಳುತ್ತ, ಒಂದೇ ಮಾತನ್ನು ನೂರು ಸಲ ಆಡಬೇಕು. ಆಡಿ, ಕಾಯಬೇಕು. ಅವಳು ಅರ್ಧ ಹೇಳಿದರೆ ಪೂರ್ತಿ ಮಾಡಿ ಹೇಳಬೇಕು. "ದಿನವಿಡೀ ಹೀಗೆ ಮಾತಾಡೋರು ನಿಮ್ಮಲ್ಲಿ ಯಾರಿದ್ದಾರೆ?" ಎಂದು ಡಾಕ್ಟರು ಕೇಳಿದಾಗ ಶಿವಲಕ್ಷ್ಮಿ ಮೂಗಮ್ಮನನ್ನು ನೋಡಿದಳು. ನಾನೂ ನೋಡಿದೆ. ನಾನು ಟ್ರೈನಿಂಗ್‌ನಲ್ಲಿ ಬರೆದುಕೊಂಡು ಮರೆತದ್ದನ್ನು ಆ ಹೆಂಗಸು ಎರಡು ವರ್ಷದಿಂದ ನನ್ನ ಕಣ್ಣೆದುರೇ ಮಾಡುತ್ತಿದ್ದಳು, ನಾನು ಬೇಗ ಬೇಗ ಬಡಿಸು ಎಂದು ರೇಗುತ್ತಿದ್ದೆ.

ಹೊರಡುವಾಗ ಮೂಗಮ್ಮ ಹಿಂದೆ ಉಳಿದಳು. "ನಲವತ್ ವರ್ಸದೋರ್ಗೂ ಈ ಮಿಷನ್ನು ಆಕ್ತಾರಾ ಅವ್ವಾ?" ಎಂದು ಕೇಳಿದಳು.

ಡಾಕ್ಟರು ಮೆತ್ತಗೆ ಉತ್ತರಿಸಿದರು. ಹಾಕಬಹುದು, ಸದ್ದು ಕೇಳಿಸಬಹುದು. ಆದರೆ ಮಾತು ಬರುವುದು ಕಷ್ಟ. ಅದಕ್ಕೆ ಒಂದು ವಯಸ್ಸಿದೆ, ಅದು ದಾಟಿದರೆ ಎಷ್ಟು ಆಡಿದರೂ ಹತ್ತುವುದಿಲ್ಲ. ಈ ಮಗು ಇನ್ನೂ ದಾಟಿಲ್ಲ.

ವಾಪಸು ಬರುವ ರೈಲಿನಲ್ಲಿ ಮೂಗಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮೈಸೂರಿನಿಂದ ಚಾಮರಾಜನಗರದವರೆಗೆ ತುಟಿ ಬಿಚ್ಚಲಿಲ್ಲ. ನಾನು ಬಾಯಿ ಮುಚ್ಚಿಸಿದ ಮೂರು ದಿನಕ್ಕಿಂತ ಆ ಎರಡು ಗಂಟೆ ಭಾರವಾಗಿತ್ತು. ನಂಜನಗೂಡು ದಾಟಿದ ಮೇಲೆ ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

ತಿಂಗಳ ಮೇಲೆ ಯಂತ್ರ ಬಂತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪೆಟ್ಟಿಗೆ, ಒಂದು ಪೆನ್ಸಿಲ್ ಸೆಲ್, ಕಿವಿಗೆ ಹೋಗುವ ವೈರು. ಶಿವಲಕ್ಷ್ಮಿ ಹಳೆ ರವಿಕೆ ಬಟ್ಟೆಯಲ್ಲಿ ಎದೆಯ ಮೇಲೆ ಕೂರುವಂತೆ ಜೇಬು ಹೊಲಿದಳು. ಯಂತ್ರ ಬಂದ ಮಾರನೆಯ ದಿನ ನಾನು ಅಂಗನವಾಡಿಗೆ ಬಂದರೆ ಒಲೆಯೇ ಇಲ್ಲ. ಒಡೆದ ಮಣ್ಣಿನ ಗುಡ್ಡೆಯ ನಡುವೆ ಮೂಗಮ್ಮ ಸೀರೆ ಎತ್ತಿ ಕಟ್ಟಿಕೊಂಡು ಹಸಿ ಮಣ್ಣು ಕಲಸುತ್ತಿದ್ದಳು.

"ಏನೇ ಇದು?"

"ಬೆನ್ ಆಕ್ಕೊಂಡು ಕೂಸಿಗೆ ಏನವ್ವಾ ಮಾತಾಡ್ಲಿ? ಒಲೆ ತಿರುಗಿಸ್ತಾ ಇವ್ನಿ."

ಒಲೆ ತಿರುಗಿತು. ಈಗ ಅವಳು ಗೋಡೆಗೆ ಬೆನ್ನು ಹಾಕಿ, ಮಕ್ಕಳ ಕಡೆ, ಅಂದರೆ ತೆಂಕಲಿಗೆ ಮುಖ ಮಾಡಿ ಬೇಯಿಸತೊಡಗಿದಳು. ಊರ ಹೆಂಗಸರು ಬಾಗಿಲಲ್ಲಿ ನಿಂತು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಯಮನ ದಿಕ್ಕಿಗೆ ಮುಖ ಮಾಡಿ ಬೇಯಿಸಿದ ಅನ್ನ ನಮ್ಮ ಮಕ್ಕಳಿಗೆ ಬೇಡ ಎಂದು ಇಬ್ಬರು ತಾಯಂದಿರು ಮಕ್ಕಳನ್ನು ಕಳಿಸುವುದನ್ನೇ ನಿಲ್ಲಿಸಿದರು. ನಾನು ಅವರ ಮನೆಗೆ ಹೋಗಿ ಜಗಳ ಆಡೋಣ ಎಂದು ಸೆರಗು ಬಿಗಿದಿದ್ದೆ. ಅಷ್ಟರಲ್ಲಿ ದೊಡ್ಡಮಾದಮ್ಮ ಎದ್ದು ಬಂದಳು. ಊರಿಗೇ ಮಡಿ ಹೇಳುವ ಮುದುಕಿ. ಒಲೆಯನ್ನು ನೋಡಿದಳು, ಮೂಗಮ್ಮನನ್ನು ನೋಡಿದಳು, ಚಾಪೆಯ ಮೇಲೆ ಮಕ್ಕಳ ಸಾಲಿನಲ್ಲಿ ಕೂತುಕೊಂಡು, "ನಂಗೂ ಒಂದ್ ಸೌಟು ಆಕು" ಎಂದು ತಟ್ಟೆ ಚಾಚಿದಳು. ಎಲ್ಲರೂ ನೋಡುವಂತೆ ತಿಂದಳು. ಆ ಇಬ್ಬರು ಮಕ್ಕಳು ಮರುವಾರ ವಾಪಸು ಬಂದರು.

ಯಂತ್ರ ಹಾಕಿದ ದಿನವೇ ಮಗು ಅಮ್ಮಾ ಎಂದಿತು ಎಂದು ಬರೆಯುವ ಆಸೆ ನನಗೂ ಇದೆ. ಹಾಗಾಗಲಿಲ್ಲ. ಮೊದಲ ವಾರ ಮೇಘನಾ ಕಿರುಚಿದಳು, ವೈರು ಕಿತ್ತೆಸೆದಳು. ಸದ್ದು ಎಂಬುದೇ ಅವಳಿಗೆ ಹಿಂಸೆಯಾಗಿತ್ತು. ಮೂಗಮ್ಮ ಅಡುಗೆಯ ಹೊತ್ತಿನಲ್ಲಿ ಮಾತ್ರ ಹಾಕುವಳು, ಒಗ್ಗರಣೆಯ ಸಾಸಿವೆ ಚಟಪಟ ಎನ್ನುವುದನ್ನು ಕೇಳಿಸುವಳು, ತೆಗೆಯುವಳು. ಆಮೇಲೆ ಇನ್ನಷ್ಟು ಹೊತ್ತು. ಎರಡು ತಿಂಗಳಾದ ಮೇಲೆ ಒಂದು ದಿನ ಮೂಗಮ್ಮ ಬೇಕೆಂದೇ ಗೋಡೆಯ ಕಡೆ ತಿರುಗಿ "ಮೇಘ್ನಾ" ಎಂದಳು. ಚಾಪೆಯ ಮೇಲಿದ್ದ ಕೂಸು ತಲೆಯೆತ್ತಿತು. ಅಷ್ಟೇ ಆದದ್ದು. ನಾನೂ ಮೂಗಮ್ಮನೂ ಹಾಗೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅತ್ತೆವು.

ಮಾತು ಬಂದದ್ದು ಅದರ ನಂತರ, ಬಿಟ್ಟು ಬಿಟ್ಟು. 'ಮ' ಬಂತು, 'ಬ' ಬಂತು. ಉಪ್ಪಿ ಬಂತು. ಆರು ತಿಂಗಳಿಗೆ "ನೀ ಬೇ" ಎಂದಳು, ಮೂಗಮ್ಮ "ನೀರು ಬೇಕಾ? ತಣ್ಣೀರು ಬೇಕಾ?" ಎಂದು ಬೆಳೆಸಿದಳು. ಬೇರೆ ಮಕ್ಕಳು ಒಂದರಿಂದ ಮೂರರೊಳಗೆ ಹತ್ತುವ ಮೆಟ್ಟಿಲನ್ನೇ ಇವಳು ನಾಲ್ಕರಿಂದ ಆರರೊಳಗೆ ಹತ್ತಿದಳು. 'ಸ' ಸರಿಯಾಗಿ ಹೊರಡಲೇ ಇಲ್ಲ. ಹೇಳುವ ಧಾಟಿ, ಎಳೆಯುವ ರೀತಿ ಎಲ್ಲ ಮೂಗಮ್ಮನದೇ. ನಾನು 'ಹೋಗು' ಎಂದು ತಿದ್ದಿದರೆ 'ಓಗು' ಎಂದೇ ಹೇಳುವಳು. ನಾನೂ ತಿದ್ದುವುದು ಬಿಟ್ಟೆ.

ಮೂಗಮ್ಮ ಅವಳಿಗೆ ಕಲಿಸಿದ ಒಂದು ವಾಕ್ಯ ಮಾತ್ರ ನನಗೆ ಸರಿ ಕಾಣುತ್ತಿರಲಿಲ್ಲ. ಕೇಳಿಸದೆ ಹೋದರೆ ಸುಮ್ಮನೆ ನಗಬೇಡ, ಮೊಕ ತೋರ್ಸಿ ಮಾತಾಡಿ ಅನ್ನು ಎಂದು ದಿನಾ ಹೇಳಿಸುವಳು. ದೊಡ್ಡವರಿಗೆ ಹಾಗೆಲ್ಲ ಹೇಳುವುದು ಮರ್ಯಾದೆಯೇ ಎಂದು ನಾನು ಆಕ್ಷೇಪಿಸಿದ್ದಕ್ಕೆ ಮೂಗಮ್ಮ ಹೇಳಿದಳು: "ನಮ್ ಪುಟ್ಟಮಾದು ಒಂದಿನಾನೂ ಅಂಗೆ ಕೇಳ್ನಿಲ್ಲ ಕಣವ್ವಾ. ಯಾರು ಏನಂದ್ರೂ ನಗ್ತಾ ನಿಂತ್ಕಂಡ. ಅದ್ಕೇ ಎಲ್ಲಾರೂ ಪೆದ್ದ ಅಂದ್ಬುಟ್ರು."

೧೯೯೬ರ ಜೂನ್‌ನಲ್ಲಿ ಮೇಘನಾಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕಾಯಿತು. ಊರ ಶಾಲೆಯ ಹೆಡ್‌ಮಾಸ್ಟರು ಶಿವರುದ್ರಸ್ವಾಮಿ ಕೆಟ್ಟವರಲ್ಲ. ಒಂದೇ ಕೋಣೆಯಲ್ಲಿ ಎರಡೆರಡು ಕ್ಲಾಸು ನೋಡಿಕೊಳ್ಳುವವರಿಗೆ ಇರುವ ಸುಸ್ತು ಅವರಿಗಿತ್ತು. "ಈ ಮಗೂಗೆ ಹೇಳಿಕೊಡೋದು ನಮ್ಮಿಂದ ಆಗೋಲ್ಲ. ದೂರದಲ್ಲಿ ಇಂಥ ಮಕ್ಕಳದೇ ಹಾಸ್ಟೆಲ್ ಸ್ಕೂಲಿದೆ, ಅಲ್ಲಿಗೆ ಬಿಡಿ" ಎಂದು ಮೊದಲೇ ಹೇಳಿ ಕಳಿಸಿದ್ದರು. ಆರು ವರ್ಷದ ಕೂಸನ್ನು ಮನೆ ಬಿಡಿಸಿ ಎಲ್ಲಿಗೆ ಕಳಿಸುವುದು? ಮಾತು ಕಲಿತದ್ದೇ ಈ ಬೀದಿಯ ಜನರ ಬಾಯಿ ನೋಡಿಕೊಂಡು. ಶಿವಲಕ್ಷ್ಮಿ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಒಂದು ಸಲ ಕೇಳಿ ನೋಡಿ, ಆಮೇಲೆ ಬೇಡ ಅನ್ನಿ ಎಂದು ನಾನು ಮಾಸ್ಟರನ್ನು ಒಪ್ಪಿಸಿ ನಾಲ್ವರೂ ಹೋದೆವು.

ಮಾಸ್ಟರು ದಾಖಲಾತಿ ಪುಸ್ತಕ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು, ತಲೆ ಬಗ್ಗಿಸಿ ಗೆರೆ ಎಳೆಯುತ್ತಲೇ ಕೇಳಿದರು. "ಹೆಸರೇನಮ್ಮ?"

ಮೇಘನಾ ಸುಮ್ಮನೆ ನಿಂತಿದ್ದಳು. ಪಕ್ಕದ ಕ್ಲಾಸಿನ ಮಕ್ಕಳು ಮಗ್ಗಿ ಒದರುತ್ತಿದ್ದವು.

"ಹೆಸರು?" ಎಂದರು ಮತ್ತೆ, ಪುಸ್ತಕಕ್ಕೆ. ಆಮೇಲೆ ನಿಟ್ಟುಸಿರು ಬಿಟ್ಟರು. "ನೋಡಿದ್ರಾ? ಇದಕ್ಕೇ ನಾನು ಹೇಳಿದ್ದು."

ಬಗ್ಗಿದ ಆ ತಲೆ, ಕೈಯಲ್ಲಿನ ಆ ಪೆನ್ನು. ನನ್ನನ್ನೇ ನಾನು ಎದುರು ಕೂರಿಸಿಕೊಂಡು ನೋಡಿದಂತಾಯಿತು. ನಾನು ಬಾಯಿ ತೆರೆದೆ. ಮೂಗಮ್ಮ ನನ್ನ ತೋಳು ಹಿಂಡಿದಳು. ಸೌಟು ಹಿಡಿದು ನಿಲ್ಲುತ್ತಿದ್ದಳಲ್ಲ, ಹಾಗೇ ನಿಂತಿದ್ದಳು, ಉಸಿರೂ ಆಡದೆ. ಕಾಯಬೇಕು ಎಂದು ಅರ್ಥವಾಯಿತು. ಕಾದೆವು.

ಮೇಘನಾ ಎರಡು ಹೆಜ್ಜೆ ಮುಂದೆ ಹೋಗಿ ಮೇಜಿನ ಅಂಚು ಹಿಡಿದುಕೊಂಡಳು. ಎದೆಯ ಮೇಲಿನ ಪೆಟ್ಟಿಗೆ ಮೇಜಿಗೆ ತಗುಲಿ ಟಕ್ಕೆಂದಿತು.

"ಮೊಕ ತೋ…ಚಿ ಮಾತಾಡಿ" ಎಂದಳು. "ಆಮ್ಯಾಕೆ ಯೋಳ್ತೀನಿ."

ಶಿವರುದ್ರಸ್ವಾಮಿ ತಲೆಯೆತ್ತಿದರು. ಕನ್ನಡಕ ತೆಗೆದರು. ಈ ಸಲ ಅವಳ ಮುಖಕ್ಕೆ ನೇರವಾಗಿ ಕೇಳಿದರು. "ನಿನ್ನ ಹೆಸರೇನು, ಮರಿ?"

"ಮೇಘ್ನಾ. ಅಪ್ಪ ನಾಗೇಂದ್ರ. ಅವ್ವ ಚಿವಲಚ್ಮಿ. ಬೆಳ್ಗೆ ಉಪ್ಪಿಟ್ಟು ತಿಂದೆ. ಬಿಚಿ ಇತ್ತು, ಊದ್ಕಂಡು ತಿಂದೆ."

ಶಿವಲಕ್ಷ್ಮಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮಾಸ್ಟರು ಹೆಸರು ಬರೆದುಕೊಂಡರು. ಹುಟ್ಟಿದ ತಾರೀಖು ಕೇಳಬೇಕಿತ್ತು. ಬಗ್ಗಿಕೊಂಡೇ ಕೇಳಲು ಹೋದವರು ತಡೆದರು, ಪೆನ್ನು ಕೆಳಗಿಟ್ಟರು, ಮುಖವೆತ್ತಿದರು.